ಪಾರಣೆಬಂಡೆ

ಕಾವೇರಿಗೆ ಇಳಿಯುವ ಕುರುಚಲು ಗುಡ್ಡಗಳ ನಡುವೆ ಕಂಬಳಿದೊಡ್ಡಿ ಎಂಬ ಊರಿದೆ. ಬಸ್ಸು ಇಳಿದು ಅರ್ಧ ಗಂಟೆ ನಡೆದರೆ ಹಂಚಿನ ಸಣ್ಣ ಚರ್ಚು, ಅದರ ಬೆನ್ನಿಗೆ ಆನೆ ಮಲಗಿದಂಥ ಹೆಬ್ಬಂಡೆ. ಅದೇ ಪಾರಣೆಬಂಡೆ. ಶಿಲುಬೆ ನೆಟ್ಟ ಬಂಡೆಗೆ ಉಪವಾಸ ಮುರಿಯುವ ಊಟದ ಹೆಸರೇಕೆ ಎಂದು ಹೊಸಬರು ಕೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕಾವಿ ಉಟ್ಟ ಪರದೇಶಿ ಗುರುವೊಬ್ಬರು ನಡೆದು ಬಂದು, ಇಲ್ಲಿ ಕಂಬಳಿ ನೇಯುತ್ತಿದ್ದ ಹನ್ನೊಂದು ಮನೆಯವರಿಗೆ ಯೇಸುಸ್ವಾಮಿಯ ಕಥೆ ಹೇಳಿ ದೀಕ್ಷಾಸ್ನಾನ ಕೊಟ್ಟರಂತೆ. ಹೊಳೆಯ ಈಚೆಗೆಲ್ಲ ಅವರೊಬ್ಬರೇ ಗುರು. ಶಿವರಾತ್ರಿಯ ಆಸುಪಾಸಿನಲ್ಲಿ ಹೊರಡುವಾಗ, "ಸ್ವಾಮಿ ಸತ್ತು ಎದ್ದ ಹಬ್ಬ ಬರುತ್ತದೆ. ಅಲ್ಲಿಯತನಕ ಒಪ್ಪೊತ್ತು, ಉಪ್ಪಿಲ್ಲದ ಅಂಬಲಿ. ನಾನು ಬಂದು ದಿನ ಹೇಳುವವರೆಗೆ ವ್ರತ ಬಿಡಬೇಡಿ" ಎಂದರು. ಆ ಹಬ್ಬ ಪ್ರತಿ ವರ್ಷ ಬೇರೆ ದಿನ ಬೀಳುತ್ತದೆ. ಗಣಿತ ಗುರುವಿಗೆ ಮಾತ್ರ ಗೊತ್ತು. ಯುಗಾದಿ ಕಳೆಯಿತು, ಮುಂಗಾರು ಹಿಡಿಯಿತು, ಗುರು ಬರಲಿಲ್ಲ. ಇವರೂ ವ್ರತ ಬಿಡಲಿಲ್ಲ. ಬಾಣಂತಿಗೆ ವ್ರತವುಂಟೇ ಎಂದು ಯಾರೂ ಕೇಳಿರಲಿಲ್ಲ. ಗುರು ಇದ್ದಾಗ ಊರಲ್ಲಿ ಬಾಣಂತಿಯೇ ಇರಲಿಲ್ಲವಲ್ಲ. ಆಷಾಢದ ಹೊತ್ತಿಗೆ, ಆಗಷ್ಟೇ ಹೆತ್ತಿದ್ದ ಮದಲೆಮ್ಮನ ಎದೆಹಾಲು ಬತ್ತಿತು. ಕುರಿಹಾಲು ಕುಡಿಸಿದರೆ ಕಕ್ಕುತ್ತಿದ್ದ ತಿಂಗಳ ಕೂಸಿಗೆ ಅಳುವ ದನಿಯೂ ಉಳಿಯಲಿಲ್ಲ. ಅವಳ ಮಾವ ಇನ್ನಾಸಪ್ಪನೇ ಊರಿನ ಉಪದೇಶಿ, ಪ್ರಾರ್ಥನೆ ನಡೆಸುವವನು. ಸೊಸೆಯ ಮುಖ ನೋಡಲಾರದೆ ದಿನವಿಡೀ ಈ ಬಂಡೆಯ ಮೇಲೆ ದಾರಿ ಕಾಯುತ್ತಿದ್ದ ಎನ್ನುತ್ತಾರೆ.

ಬಂದವನು ಗುರುವಲ್ಲ, ಎತ್ತಿನ ಮೇಲೆ ಉಪ್ಪು ಹೇರಿಕೊಂಡು ತಿರುಗುವ ಬುಡೇನ್ ಸಾಬ. "ಏನಣ್ಣ ಇನ್ನಾಸಪ್ಪ, ಒಂದು ಹಿಡಿ ಉಪ್ಪೂ ಕೊಳ್ಳಲ್ವಲ್ಲ ನಿಮ್ಮೂರು? ಸಮುದ್ರ ಏನಾದರೂ ಹಿತ್ತಲಿಗೆ ಬಂತೋ?" ಎಂದು ರೇಗಿಸಿದ. ಸಂಗತಿ ಕೇಳಿ ತಲೆಯ ಮೇಲೆ ಕೈ ಹೊತ್ತ. "ಅಯ್ಯೋ, ಹೊಳೆಯಾಚೆ ನಿಮ್ಮವರ ಹಬ್ಬ ಮುಗಿದು ಮೂರು ತಿಂಗಳಾಯ್ತು, ನಾನೇ ಉಂಡು ಬಂದೆ. ನಿಮ್ಮ ಗುರುಗಳು ಅದಕ್ಕೆ ಮುಂಚೆಯೇ ಜ್ವರ ಬಂದು ಹೋಗಿಬಿಟ್ಟರು. ನೀವಿನ್ನೂ ಕಾಯ್ತಿದ್ದೀರಿ ಅಂತ ಯಾರಿಗೆ ಗೊತ್ತು?"

ಇನ್ನಾಸಪ್ಪ ಅಲ್ಲಾಡಲಿಲ್ಲ. ಗುರುವಿನ ಬಾಯಿಂದ ಬರಬೇಕಾದ ಮಾತನ್ನು ಉಪ್ಪು ಮಾರುವವನಿಂದ ಹೇಗೆ ನಂಬಲಿ ಎಂದ. ಆಗ ಮದಲೆಮ್ಮ ಕೂಸನ್ನೆತ್ತಿಕೊಂಡು ಮುಂದೆ ಬಂದಳಂತೆ. "ಮಾವ, ಸ್ವಾಮಿ ಎದ್ದ ಸುದ್ದಿ ಮೊದಲು ತಂದವರು ಹೆಂಗಸರು ಅಂತ ನೀವೇ ಹೇಳಿಕೊಟ್ಟಿರಿ. ಅವತ್ತೂ ಗಂಡಸರು ನಂಬಲಿಲ್ಲ, ಆಮೇಲೆ ನಾಚಿಕೊಂಡರು. ನೀವು ಯಾವಾಗ ನಾಚಿಕೊಳ್ಳೋದು?"

"ಈಗಲೇ ಕಣವ್ವ," ಎಂದ ಮುದುಕ, ಅಳುತ್ತಲೇ ನಕ್ಕುಬಿಟ್ಟ. ಬಂಡೆಯ ಮೇಲೆಯೇ ಒಲೆ ಹೂಡಿದರು. ಟಗರನ್ನು ಬುಡೇನ್ ಸಾಬನೇ ಕೊಯ್ದ, ಅವನೂ ಉಣ್ಣಬೇಕಲ್ಲ. ಮೊದಲ ತುತ್ತು ಮಾವನ ಕೈಯಿಂದಲೇ ಸೊಸೆಗೆ. ನಾಲ್ಕಾರು ದಿನದಲ್ಲಿ ಹಾಲಿಳಿಯಿತು. ಕೂಸು ಊರೆಲ್ಲ ಕೇಳುವಂತೆ ಅತ್ತಿತು. ಆ ಅಳು ಕೇಳಿ ಹನ್ನೊಂದು ಮನೆಯವರೂ ಮಗ್ಗ ಬಿಟ್ಟು ಹೊರಗೆ ಬಂದು, "ಸದ್ಯ, ಬದುಕಿದೆವು" ಎಂದರಂತೆ.

ಈಗ ಸ್ವಾಮಿ ಎದ್ದ ಪಾಸ್ಕ ಹಬ್ಬದಂದು ಹೋದರೆ ಬಂಡೆಯ ಮೇಲೆ ಮಸಿ ಹಿಡಿದ ಒಲೆಗಲ್ಲುಗಳನ್ನು ಕಾಣಬಹುದು. ಮೊದಲ ಪಂಕ್ತಿ ಬಾಣಂತಿಯರದು, ಯಾವ ಮತದವರಾದರೂ ಸರಿ. ಅವರು ಎದ್ದ ಮೇಲೆಯೇ ಉಳಿದವರು. ಎಲೆ ಹಿಡಿದು ಬಿಸಿಲಲ್ಲಿ ನಿಂತ ಪಾದ್ರಿಯವರಿಗೆ ಬಡಿಸುವ ಅಜ್ಜಿ ಗದರುತ್ತಾಳೆ: "ತಡೀರಿ ಸ್ವಾಮಿ, ಇನ್ನೊಬ್ಬಳು ಉಣ್ತಾ ಇದ್ದಾಳೆ."