ಹೇಳದೆ ಮುಟ್ಟಬಾರದು

"ಗುರುಗಳೇ, ರೋಗಿಗಳ ಆರೈಕೆಯ ಕೆಲಸಕ್ಕೆ ಮನುಷ್ಯರನ್ನು ಎಳೆಯುವುದು ಯಾವುದು? ಆ ದಾರಿ ಕೊನೆಗೆ ಅವರನ್ನು ಎಲ್ಲಿಗೆ ಒಯ್ಯುತ್ತದೆ?"

ಕೇಳಿದವನು ನಿಜಗುಣ, ಮಠದಲ್ಲಿ ಓದುತ್ತಿದ್ದ ಶಿಷ್ಯ. ಅವನ ತಂಗಿ ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಳು. ಕಂಡವರ ಹೇಲು ಉಚ್ಚೆ ಬಾಚುವ ಕೆಲಸ ನಮ್ಮ ಮನೆಯ ಹುಡುಗಿಗೆ ಏಕೆ ಎಂದು ತಂದೆ ಅಡ್ಡ ನಿಂತಿದ್ದರು. ವಾದ ಮಾಡಿ ಮಾಡಿ ಇಬ್ಬರೂ ಸಾಕಾಗಿ, ಅಣ್ಣ ಹೇಳಿದಂತೆ ಆಗಲಿ ಎಂದು ಅವನ ತಲೆಗೆ ಕಟ್ಟಿದ್ದರು. ಮಾರನೆಯ ದಿನ ಅವನು ಊರಿಗೆ ಹೋಗಿ ಹೂಂ ಎನ್ನಬೇಕು, ಇಲ್ಲವೇ ಊಹೂಂ ಎನ್ನಬೇಕು.

"ನಿನಗೆ ಏನನ್ನಿಸುತ್ತದೆ?" ಎಂದರು ಗುರುಗಳು.

"ಅದರಿಂದ ಅವಳಿಗೆ ಏನು ಸಿಗುತ್ತದೆಂದು ನನಗೆ ತಿಳಿಯುತ್ತಿಲ್ಲ. ಗುಣವಾದವರು ಮನೆಗೆ ಹೋಗುತ್ತಾರೆ. ಆಗದವರು ಮಣ್ಣಿಗೆ ಹೋಗುತ್ತಾರೆ. ಇವಳು ಮಾತ್ರ ಅಲ್ಲೇ ಉಳಿಯುತ್ತಾಳೆ."

ಗುರುಗಳು ನಕ್ಕರು. "ಬುದ್ಧಿವಂತ ನೀನು. ಕೂತುಕೋ" ಎಂದು ಈ ಕತೆ ಹೇಳಿದರು.

ಹೊಳೆ ದಾಟುವ ಕಡವಿನ ಬಳಿ ಒಂದು ಊರು. ಆ ಊರಿನಲ್ಲಿ ಒಂದು ಆರೋಗ್ಯಶಾಲೆ. ದಾರಿಹೋಕರು, ಯಾತ್ರಿಕರು, ದಿಕ್ಕಿಲ್ಲದವರು ಕಾಯಿಲೆ ಬಿದ್ದರೆ ಅಲ್ಲಿಗೆ ತಂದು ಮಲಗಿಸುತ್ತಿದ್ದರು. ಮದ್ದು ಕೊಡಲು ಒಬ್ಬ ವೈದ್ಯನಿದ್ದ. ಆರೈಕೆಗೆ ಕೆಲವು ಹೆಂಗಸರಿದ್ದರು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು.

ಆ ಹೆಂಗಸರು ಆ ಕೆಲಸಕ್ಕೆ ಬಂದ ಕಾರಣ ಕೇಳಿದರೆ ನಿನಗೆ ನಿರಾಸೆಯಾದೀತು. ಒಬ್ಬಳು ಹೊತ್ತು ಹೊತ್ತಿಗೆ ಊಟ ಸಿಗುತ್ತದೆಂದು ಬಂದಿದ್ದಳು. ಒಬ್ಬಳು ಅತ್ತೆಯ ಬಾಯಿಗೆ ಹೆದರಿ ಬಂದಿದ್ದಳು. ಇನ್ನೊಬ್ಬಳು ಕಾಯಿಲೆಯ ಗಂಡನನ್ನು ಕರೆತಂದವಳು, ಅವನು ಗುಣವಾಗಿ ಮನೆಗೆ ಹೋದ ಮೇಲೂ ಅಲ್ಲೇ ಉಳಿದಿದ್ದಳು. ಏಕೆಂದು ಆ ಗಂಡನಿಗೇ ಅರ್ಥವಾಗಿರಲಿಲ್ಲ. ದೇವರು ಕನಸಿನಲ್ಲಿ ಬಂದು ಕರೆದವರು ಅಲ್ಲಿ ಒಬ್ಬರೂ ಇರಲಿಲ್ಲ.

ಒಬ್ಬ ನೇಕಾರನ ಮಗಳು ಬಂದದ್ದು ಹೀಗೆ. ಹಾಸಿಗೆಗೆ ಹೊದಿಸುವ ಬಟ್ಟೆ ಕೊಡಲು ಅವಳು ಅಲ್ಲಿಗೆ ಹೋಗಿದ್ದಳು. ಅದೇ ಹೊತ್ತಿಗೆ ಗುಣವಾದ ಒಬ್ಬ ವರ್ತಕ ಮನೆಗೆ ಹೊರಟಿದ್ದ. ಬಾಗಿಲಿಗೆ ಬಂದವನು ತಿರುಗಿ ದೊಡ್ಡಮ್ಮನ ಕಾಲಿಗೆ ಬಿದ್ದ. 'ನೀನೇ ನನ್ನ ಹಡೆದವ್ವ' ಎಂದು ಗೊಳೋ ಎಂದು ಅತ್ತ. ಅಷ್ಟು ದೊಡ್ಡ ಮನುಷ್ಯ, ಕೈಯಲ್ಲಿ ಕಡಗ, ಕಿವಿಯಲ್ಲಿ ಒಂಟಿ, ಮಣ್ಣಿನಲ್ಲಿ ಹಣೆ! ನೇಕಾರನ ಮಗಳಿಗೆ ಮೈ ಜುಮ್ಮೆಂದಿತು. ಎಂಥ ಸೀರೆ ನೇಯ್ದರೂ ಉಟ್ಟವಳು ನೇಯ್ದವಳನ್ನು ಹುಡುಕಿಕೊಂಡು ಬರುವುದಿಲ್ಲ. ನನಗೂ ಯಾರಾದರೂ ಹೀಗೆ ಅಂದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡಳು. ಮನೆಯವರ ಜೊತೆ ಜಗಳವಾಡಿ ಬಂದು ಸೇರಿಕೊಂಡಳು.

ಆ ಆರೋಗ್ಯಶಾಲೆಯಲ್ಲಿ ಒಂದು ಕಟ್ಟುಪಾಡಿತ್ತು. ಹೇಳದೆ ಯಾರನ್ನೂ ಮುಟ್ಟಬಾರದು. ಮಗ್ಗುಲು ಬದಲಿಸುವ ಮೊದಲು, 'ಈಗ ಎಡಕ್ಕೆ ಹೊರಳಿಸ್ತೀನಿ' ಎನ್ನಬೇಕು. ಹುಣ್ಣು ತೊಳೆಯುವ ಮೊದಲು, 'ತಣ್ಣಗಾಗುತ್ತೆ, ಆಮೇಲೆ ಉರಿಯುತ್ತೆ' ಎನ್ನಬೇಕು. ಎಚ್ಚರ ಇದ್ದವರಿಗೆ ಮಾತ್ರವಲ್ಲ. ಜ್ವರದಲ್ಲಿ ಬಡಬಡಿಸುವವರಿಗೂ ಹೇಳಬೇಕು. ಮಾತು ಬಾರದ ಹಸುಗೂಸಿಗೂ ಹೇಳಬೇಕು. ಸತ್ತವರಿಗೂ ಹೇಳಬೇಕು. ಸತ್ತವರ ಮೈ ತೊಳೆದು, ಮಡಿಬಟ್ಟೆ ಸುತ್ತಿ, ಮನೆಯವರಿಗೆ ಒಪ್ಪಿಸುವುದು ಅಲ್ಲಿ ಆ ಹೆಂಗಸರ ಕೆಲಸವೇ ಆಗಿತ್ತು. ಒಪ್ಪಿಸುವ ತನಕ ಒಂದೊಂದನ್ನೂ ಹೇಳಿಯೇ ಮಾಡಬೇಕು.

ನೇಕಾರನ ಮಗಳು ಮೊದಲ ದಿನವೇ ಕೇಳಿದಳು. "ಸತ್ತೋರಿಗೆ ಏನು ಕೇಳ್ಸುತ್ತೆ ದೊಡ್ಡಮ್ಮಾ?"

"ನನಗೇನು ಗೊತ್ತವ್ವ? ನಾನೇನು ಸತ್ತು ನೋಡಿದ್ದೀನಾ?" ಎಂದಳು ದೊಡ್ಡಮ್ಮ.

ಹುಡುಗಿ ಚುರುಕಾಗಿದ್ದಳು. ಕೆಲಸ ಬೇಗ ಕಲಿತಳು. ಆದರೆ ಅವಳು ಕಾದಿದ್ದ ಗಳಿಗೆ ಮಾತ್ರ ಬರಲಿಲ್ಲ. ಗುಣವಾದವರು ವೈದ್ಯನಿಗೆ ಕೈಮುಗಿದು, ದೇವರಿಗೆ ಹರಕೆ ಹೇಳಿಕೊಂಡು, ಅವಳ ಮುಖವನ್ನೂ ನೋಡದೆ ಹೊರಟುಹೋಗುತ್ತಿದ್ದರು. ಅದು ಸಹಜ. ಯಾತನೆಯ ಹೊತ್ತಿನಲ್ಲಿ ನೋಡಿದ ಮುಖವನ್ನು ನೆನೆದರೆ ಯಾತನೆಯೂ ನೆನಪಾಗುತ್ತದೆ. ಅವಳಿಗೆ ಅದು ತಿಳಿಯುವ ವಯಸ್ಸಲ್ಲ. ಒಬ್ಬ ಹೂವಾಡಗಿತ್ತಿ ಮುದುಕಿ ಮಳೆಗಾಲವಿಡೀ ಅವಳ ಕೈಯಲ್ಲೇ ಉಂಡಳು, ಅವಳ ಕೈಯಲ್ಲೇ ತೊಳೆಸಿಕೊಂಡಳು. ಕೊನೆಯ ದಿನ ಅವಳನ್ನೇ ನೋಡಿ, 'ಯಾರೇ ನೀನು? ನನ್ನ ಮಗಳನ್ನ ಕರಿ' ಎಂದಳು. ಹಾಗೆಂದು ಕಣ್ಣು ಮುಚ್ಚಿದಳು.

ಅಂದು ಹುಡುಗಿಯ ಎದೆಯಲ್ಲಿ ಏನೋ ಕಮರಿಹೋಯಿತು. ಆ ಮುದುಕಿಯ ಮೈಯನ್ನು ಅವಳು ಒಂದು ಮಾತೂ ಆಡದೆ ತೊಳೆದಳು. ಬೈಯಲು ಯಾರೂ ಬರಲಿಲ್ಲ. ಕೆಲಸವೂ ಬೇಗ ಮುಗಿಯಿತು. ಅಲ್ಲಿಂದ ಅದೇ ರೂಢಿಯಾಯಿತು. ದೊಡ್ಡಮ್ಮ ಹತ್ತಿರವಿದ್ದರೆ ಸತ್ತವರಿಗೆ ಹೇಳುವಳು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು, ಪಾತ್ರೆ ತಿಕ್ಕುವ ಹಾಗೆ ತಿಕ್ಕಿ, ಬಟ್ಟೆ ಸುತ್ತಿ ಎದ್ದುಬಿಡುವಳು.

ಕೊನೆಗೊಂದು ದಿನ ಅಣ್ಣನಿಗೆ ಹೇಳಿಕಳಿಸಿದಳು. ಅಣ್ಣ ಗಾಡಿ ಕಟ್ಟಿಕೊಂಡು ಮಧ್ಯಾಹ್ನಕ್ಕೆ ಬಂದ. ಅವಳು ಗಂಟು ಕಟ್ಟಿ, ದೊಡ್ಡಮ್ಮನ ಮುಂದೆ ನಿಂತು, "ನನ್ನ ಕೈಲಾಗಲ್ಲ. ಹೋಗ್ತೀನಿ" ಎಂದಳು. ದೊಡ್ಡಮ್ಮ ತಡೆಯಲಿಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಜನ ಓಡಿಬಂದರು. ಒಬ್ಬ ಅಂಬಿಗನನ್ನು ಹೊತ್ತು ತಂದಿದ್ದರು. ಚಳಿಗಾಲದ ಹೊಳೆ. ದೋಣಿ ಮಗುಚಿ, ಸೆಳವಿನಲ್ಲಿ ಸಿಕ್ಕಿ, ಕೆಳಗಿನ ಮಡುವಿನಲ್ಲಿ ತೇಲುತ್ತಿದ್ದನಂತೆ. ವೈದ್ಯ ನೀರು ಕಕ್ಕಿಸಿದ. ಎದೆಗೆ ಕಿವಿಯಿಟ್ಟ. ಮೂಗಿನ ಹತ್ತಿರ ಹಕ್ಕಿಯ ಗರಿ ಹಿಡಿದ. ಗರಿ ಅಲ್ಲಾಡಲಿಲ್ಲ. ತಿಳಿದದ್ದನ್ನೆಲ್ಲ ಮಾಡಿ, ತಲೆ ತಗ್ಗಿಸಿ ಎದ್ದುಹೋದ. ಹೊರಗೆ ಅಂಬಿಗನ ಹೆಂಡತಿ ಎದೆ ಎದೆ ಬಡಿದುಕೊಳ್ಳುತ್ತಿದ್ದಳು.

ದೊಡ್ಡಮ್ಮ ಹುಡುಗಿಯ ಕಡೆ ನೋಡಿದಳು. "ಉಳಿದೋರಿಗೆ ಕೈ ಬಿಡುವಿಲ್ಲ. ಇದೊಂದು ಮುಗಿಸಿಕೊಟ್ಟು ಹೋಗವ್ವ."

ಹುಡುಗಿ ಗಂಟು ಇಳಿಸಿ, ನೀರು ತಂದಳು. ದೊಡ್ಡಮ್ಮ ಬಾಗಿಲಲ್ಲೇ ಕೂತು ಗಾಯಕ್ಕೆ ಕಟ್ಟುವ ಬಟ್ಟೆ ಹರಿಯುತ್ತಿದ್ದಳು. ಅವಳ ಕಿವಿಗೆ ಬೀಳುವಷ್ಟು ದೂರದಲ್ಲಿ ಇದ್ದುದರಿಂದ ಹೇಳದೆ ವಿಧಿಯಿರಲಿಲ್ಲ. ಹಲ್ಲು ಕಚ್ಚಿಕೊಂಡು, ಬೇಕಾದರೆ ಕೇಳು ಎನ್ನುವ ದನಿಯಲ್ಲಿ ಹೇಳಿದಳು.

"ಅಣ್ಣಾ, ಬಲಗೈ ಎತ್ತುತೀನಿ."

ಕೈ ಎತ್ತಿದಳು. ಎತ್ತಿದವಳು ಹಾಗೆಯೇ ನಿಂತಳು.

ಸತ್ತವರ ಕೈ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅದು ತನ್ನ ಭಾರವನ್ನೆಲ್ಲ ಎತ್ತುವವರ ಮೇಲೆ ಬಿಟ್ಟುಬಿಡುತ್ತದೆ. ಈ ಕೈಯೂ ಹಾಗೆಯೇ ತಣ್ಣಗಿತ್ತು, ಹಾಗೆಯೇ ಬಣ್ಣಗೆಟ್ಟಿತ್ತು. ಆದರೆ ಅಷ್ಟು ಭಾರವಿರಲಿಲ್ಲ. ತೂಕದಲ್ಲಿ ಒಂದು ಹಿಡಿಯಷ್ಟು ಕಡಿಮೆ. ತನ್ನ ಭ್ರಮೆ ಎಂದುಕೊಂಡು ಕೈಯನ್ನು ಮೆಲ್ಲಗೆ ಇಳಿಸಿದಳು. ಆ ಕಡೆಗೆ ಹೋಗಿ, ಈ ಸಲ ಏನೂ ಹೇಳದೆ ಎಡಗೈ ಎತ್ತಿದಳು. ಕಲ್ಲಿನ ಹಾಗೆ ಭಾರವಾಗಿತ್ತು. ಇಳಿಸಿದಳು. ಬಗ್ಗಿ ಅವನ ಕಿವಿಯ ಹತ್ತಿರ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಅಣ್ಣಾ, ಎಡಗೈ ಎತ್ತುತೀನಿ."

ಎತ್ತಿದಳು. ಹಗುರವಾಗಿತ್ತು. ಆ ಕೈ ಅವಳಿಗೆ ಸಹಾಯ ಮಾಡುತ್ತಿತ್ತು.

ಉಸಿರಿಲ್ಲ, ನಾಡಿಯಿಲ್ಲ, ರೆಪ್ಪೆ ಅಲುಗುವುದಿಲ್ಲ. ಆ ಮೈಯೊಳಗೆ ಎಲ್ಲೋ ದೂರದಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ಅವಳ ಮಾತು ಅವನಿಗೆ ಕೇಳಿಸುತ್ತಿದೆ. ಕೈ ಎತ್ತುತ್ತೇನೆ ಎಂದವಳಿಗೆ, ಪಾಪ ಕಷ್ಟವಾದೀತು ಎಂದು, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೈ ಹಗುರ ಮಾಡಿಕೊಡುತ್ತಿದ್ದಾನೆ. ಹುಡುಗಿಗೆ ಗರ್ಭಗುಡಿಯ ಮುಂದೆಯೂ ಅಂಥ ಭಯಭಕ್ತಿ ಉಂಟಾಗಿರಲಿಲ್ಲ. ಮೈಯ ಕೂದಲೆಲ್ಲ ನಿಮಿರಿತು.

"ದೊಡ್ಡಮ್ಮಾ, ಅವನು ಇದ್ದಾನೆ" ಎಂದಳು.

ದೊಡ್ಡಮ್ಮ ಬಟ್ಟೆ ಬಿಸಾಡಿ ಬಂದಳು. ವೈದ್ಯ ಹೆಗಲ ಮೇಲಿನ ವಸ್ತ್ರ ಬಿದ್ದದ್ದೂ ತಿಳಿಯದೆ ಓಡಿಬಂದ. ಕೆಂಡ ತರಿಸಿದರು. ಕಂಬಳಿ ಹೊದಿಸಿದರು. ಬಿಸಿ ಬಟ್ಟೆ ಒತ್ತಿದರು, ಅಂಗಾಲು ತಿಕ್ಕಿದರು. ಒಂದೊಂದಕ್ಕೂ ಮೊದಲು ಹುಡುಗಿ ಅವನ ಕಿವಿಯಲ್ಲಿ ಹೇಳುತ್ತಲೇ ಇದ್ದಳು. 'ಅಣ್ಣಾ, ಕಾಲು ತಿಕ್ತಾರೆ. ಅಣ್ಣಾ, ಎದೆಗೆ ಬಿಸಿ ಇಡ್ತೀನಿ, ಹೆದರಬೇಡ.' ಹೊತ್ತು ಮುಳುಗುವ ಮೊದಲು ಗರಿ ಅಲ್ಲಾಡಿತು. ಎಂದೂ ದನಿ ಎತ್ತದ ವೈದ್ಯ ಚಿಕ್ಕ ಮಗುವಿನಂತೆ ಕೂಗಿಕೊಂಡು ಹೊರಗೆ ಹೋಗಿ ಅಂಬಿಗನ ಹೆಂಡತಿಯನ್ನು ಒಳಗೆ ಕರೆತಂದ.

ಎಲ್ಲರೂ ಸಂಭ್ರಮದಲ್ಲಿದ್ದರು. ಹುಡುಗಿ ಮಾತ್ರ ಹಿತ್ತಿಲ ಬಾವಿಯ ಕಟ್ಟೆಯ ಹತ್ತಿರ ಕುಸಿದು ಕೂತಿದ್ದಳು. ಮೊಣಕಾಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ದೊಡ್ಡಮ್ಮ ಹುಡುಕಿಕೊಂಡು ಬಂದಳು.

"ಯಾಕವ್ವ? ನಗೋ ಹೊತ್ತಲ್ಲಿ ಅಳ್ತೀಯಲ್ಲ?"

ಹುಡುಗಿ ಅವಳ ಸೆರಗು ಹಿಡಿದುಕೊಂಡಳು. "ನಾನು ತುಂಬಾ ಜನಕ್ಕೆ ಹೇಳ್ಲಿಲ್ಲ ದೊಡ್ಡಮ್ಮಾ. ನೀನು ಇಲ್ದಾಗ ಸುಮ್ಮನೆ ತೊಳೆದು ಕಳಿಸ್ಬಿಟ್ಟೆ. ಅವರಲ್ಲಿ ಯಾರಾದ್ರೂ... ಒಳಗೆ ಕೂತು ಕಾಯ್ತಾ ಇದ್ದಿದ್ರೆ? ನಾನು ಯಾರನ್ನಾದ್ರೂ ಜೀವಂತ ಕಳಿಸ್ಬಿಟ್ಟೆನಾ?"

ಆ ಪ್ರಶ್ನೆ ಕೇಳುವಾಗ ಅವಳ ಜೀವವೇ ದೊಡ್ಡಮ್ಮನ ಬಾಯಿಯಲ್ಲಿತ್ತು. ಹೌದು ಎಂದರೆ ಅವಳು ಆ ಬಾವಿಯ ಕಟ್ಟೆಯಿಂದ ಒಳಗೆ ಬರುವವಳಾಗಿರಲಿಲ್ಲ.

"ಇಲ್ಲ ಕಣೇ. ಅವರೆಲ್ಲ ಹೋಗಿಬಿಟ್ಟಿದ್ರು. ನನಗೆ ಗೊತ್ತು."

"ನಿನಗೆ ಹೆಂಗೆ ಗೊತ್ತು?"

"ನೀನು ಎದ್ದುಹೋದ ಮೇಲೆ ನಾನು ಹೋಗ್ತಿದ್ದೆ. ಸುತ್ತಿದ ಬಟ್ಟೆ ಬಿಚ್ಚಿ, ಒಂದೊಂದನ್ನೂ ಹೇಳಿ, ಇನ್ನೊಂದು ಸಲ ಕೈಕಾಲು ಎತ್ತಿ, ಮತ್ತೆ ಸುತ್ತಿ ಬರ್ತಿದ್ದೆ. ಒಬ್ಬರನ್ನೂ ಬಿಟ್ಟಿಲ್ಲ."

ಹುಡುಗಿ ಬೆಪ್ಪಾಗಿ ನೋಡಿದಳು. "ಎಲ್ಲಾ ಗೊತ್ತಿದ್ದೂ ನನ್ನನ್ನ ಯಾಕೆ ಬೈಲಿಲ್ಲ?"

"ನಾನು ಬೈದಿದ್ರೆ ನೀನು ಹೇಳ್ತಿದ್ದೆ. ನನಗೆ ಕೇಳ್ಸೋ ಹಂಗೆ ಹೇಳ್ತಿದ್ದೆ. ನೀನು ಹೇಳ್ಬೇಕಾದ್ದು ಅವರಿಗೆ."

ಆ ವಯಸ್ಸಾದ ಹೆಂಗಸು, ದಿನವಿಡೀ ನಿಂತು ನೋಯುವ ಕಾಲಿನವಳು, ಇನ್ನೊಬ್ಬಳು ಬಿಟ್ಟ ಮಾತನ್ನು ಹೇಳಲು ಒಂದೊಂದು ಹೆಣದ ಬಳಿಗೂ ಹೋಗಿದ್ದಳು. ಕಂಡವರಿಲ್ಲ, ಹೊಗಳಿದವರಿಲ್ಲ. ಹುಡುಗಿ ಆವತ್ತು ಅವಳ ಕಾಲಿಗೆ ಬೀಳಲಿಲ್ಲ. ಬೀಳುವುದು ತೀರ ಸಣ್ಣದಾಗಿ ಕಂಡಿತು. ಮುಖ ತೊಳೆದುಕೊಂಡು ಒಳಗೆ ಹೋದಳು. ಅಣ್ಣ ಖಾಲಿ ಗಾಡಿ ಹೊಡೆದುಕೊಂಡು, ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡು ಊರಿಗೆ ಹೋದ.

ಅಂಬಿಗ ಚೇತರಿಸಿಕೊಂಡು ಹೆಂಡತಿಯ ಜೊತೆ ಹೊರಟ ದಿನ ವೈದ್ಯನಿಗೆ ಅಡ್ಡಬಿದ್ದ. ಹೊಳೆಯ ಕಡೆ ತಿರುಗಿ ಗಂಗಮ್ಮನಿಗೆ ಕೈಮುಗಿದ. ಹುಡುಗಿಯ ಪಕ್ಕದಲ್ಲೇ ಹಾದುಹೋದ. ಅವನಿಗೆ ಏನೂ ನೆನಪಿರಲಿಲ್ಲ. ಅವಳೂ ತಲೆ ಎತ್ತಲಿಲ್ಲ. ಜ್ವರದಲ್ಲಿ ಮೈಮರೆತ ಒಬ್ಬ ಮುದುಕನಿಗೆ, 'ಅಜ್ಜಾ, ಈಗ ಬಾಯಿ ಒರೆಸ್ತೀನಿ' ಎನ್ನುತ್ತಿದ್ದಳು.

ಕಾಲ ಹೋಯಿತು. ದೊಡ್ಡಮ್ಮ ತೀರಿಕೊಂಡಳು. ನೇಕಾರನ ಮಗಳು ಅವಳ ಮೈಯನ್ನೂ ಹೇಳಿ ಹೇಳಿಯೇ ತೊಳೆದಳು. ಆಮೇಲೆ ಹೊಸದಾಗಿ ಬಂದ ಹುಡುಗಿಯರು ಅವಳನ್ನೇ ದೊಡ್ಡಮ್ಮ ಎಂದು ಕರೆದರು. ಅವರಲ್ಲೂ ಕೆಲವರು ಮರೆಯಲ್ಲಿ ಹೇಳದೆ ತೊಳೆಯುತ್ತಿದ್ದರು. ಅವಳೂ ಅವರ ಹಿಂದೆ ಹೋಗಿ ಹೇಳಿಬರುತ್ತಿದ್ದಳು. ಅವಳ ಕೂದಲು ನೆರೆತದ್ದು, ಬೆನ್ನು ಬಾಗಿದ್ದು, ಕೊನೆಗೆ ಅಲ್ಲಿಯ ಒಂದು ಮಂಚದ ಮೇಲೆ ಅವಳೇ ಮಲಗಿದ್ದು ಎಲ್ಲ ಆ ಆರೋಗ್ಯಶಾಲೆಯಲ್ಲೇ.

ಗುರುಗಳು ನಿಲ್ಲಿಸಿದರು. ನಿಜಗುಣನ ಕಣ್ಣುಗಳು ಹೊಳೆಯುತ್ತಿದ್ದವು. ತಂಗಿಗೆ ಹೇಳಬೇಕಾದ ಮಾತು ಸಿಕ್ಕಿತು ಎಂದುಕೊಂಡ. ಸತ್ತವನನ್ನು ಎಬ್ಬಿಸುವ ಕೆಲಸ! ತಂದೆಯೂ ಇದಕ್ಕೆ ಎದುರು ಹೇಳಲಾರರು. ಮುಂದಕ್ಕೆ ಬಾಗಿ ಕೇಳಿದ.

"ಗುರುಗಳೇ, ಅಂಬಿಗನ ನಂತರ ಆ ತಾಯಿಯ ಮಾತಿಗೆ ಇನ್ನೆಷ್ಟು ಮಂದಿ ಸತ್ತವರು ಕೈ ಹಗುರ ಮಾಡಿಕೊಟ್ಟರು?"

"ಒಬ್ಬರೂ ಇಲ್ಲ ಮಗು, ಆದರೂ ಅವಳು ತಾನು ಸಾಯುವ ತನಕ ಒಬ್ಬರನ್ನೂ ಹೇಳದೆ ಮುಟ್ಟಲಿಲ್ಲ."