ಅಪ್ಪ ಉಂಡ ಮೇಲೆ ನನಗೆ

ಒಬ್ಬಳು ಅವ್ವ ಇದ್ದಳು. ಅವಳಿಗೆ ಒಬ್ಬನೇ ಮಗ. ಮಗನ ಕೈ ಗಟ್ಟಿ, ಕಾಲು ಗಟ್ಟಿ, ತಲೆ ಮಾತ್ರ ಮಡಕೆ. ಏನು ಹಾಕಿದರೆ ಅದೇ, ಎಷ್ಟು ಹಾಕಿದರೆ ಅಷ್ಟೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಕಷ್ಟ, ಅದೇ ಅವಳ ಕಷ್ಟ.

ಅವ್ವನ ಹೆಸರು ಮರಿಸಿದ್ದಮ್ಮ. ಇಡ್ಲಿ ಬೇಯಿಸಿ ಮಾರಿ ಮನೆ ಕಟ್ಟಿದವಳು. ಇಡ್ಲಿ ಕಟ್ಟಲು ತಂದ ಹಳೇ ಪೇಪರಿನಲ್ಲಿ ತಾನೇ ಅಕ್ಷರ ಕೂಡಿಸಿಕೊಂಡು ಓದು ಕಲಿತು, ಮಗನಿಗೂ ಕಲಿಸಿದವಳು. ಯಾರ ಮನೆ ಬಾಗಿಲಿಗೂ ಹೋಗಿ ಕೈ ಚಾಚಿದವಳಲ್ಲ. ಮಗ ಬೆಟ್ಟಯ್ಯನಿಗೆ ನಲವತ್ತು ದಾಟಿತ್ತು. ಊರು ಅವನನ್ನು ಪೆದ್ದಬೆಟ್ಟ ಎಂದು ಕರೆಯುತ್ತಿತ್ತು, ಅವಳು ಇಲ್ಲದಾಗ.

ಮರಿಸಿದ್ದಮ್ಮ ಹೊಟ್ಟೆಯಲ್ಲಿದ್ದಾಗ ಅವಳಪ್ಪ ನಂಜೇದೇವಯ್ಯ ಎರಡನೇ ಮಹಾಯುದ್ಧಕ್ಕೆ ಹೋದ. ಸೈನ್ಯದ ಸಾಮಾನು ಹೊರುವ ಹೇಸರಗತ್ತೆ ಹೊಡೆಯುವ ಕೆಲಸ. ಹೋದವನು ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. "ಅಲ್ಲೇ ಯಾವಳನ್ನೋ ಕಟ್ಟಿಕೊಂಡವ್ನೆ" ಎಂದಿತು ಊರು. ಅವನ ಹೆಂಡತಿ ಪುಟ್ಟತಾಯಮ್ಮ ಆ ಮಾತು ಕೇಳಿಕೊಂಡೇ ಮುದುಕಿಯಾಗಿ, ಹಣೆಯ ಕುಂಕುಮ ಅಳಿಸದೆ ಸತ್ತಳು.

ಪಿತೃಪಕ್ಷದಲ್ಲಿ ಎಡೆ ಹಬ್ಬ ಬರುತ್ತದೆ. ತೀರಿಹೋದ ಹಿರಿಯರಿಗೆಲ್ಲ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣಲಿ ಎಂದು ಹೊರಗೆ ಕೂರುತ್ತಾರೆ. ಸತ್ತ ಸುದ್ದಿ ಬಾರದವನಿಗೆ ಎಡೆ ಇಡುವಂತಿಲ್ಲ. ಬದುಕಿದ್ದರೆ ಅವನಿಗೆ ಕೆಡುಕು. ಹೀಗಾಗಿ ನಂಜೇದೇವಯ್ಯನಿಗೆ ಎಲೆಯೇ ಇಲ್ಲ. ಅವನಿಗೆ ಎಲೆ ಇಲ್ಲವೆಂದು ಮರಿಸಿದ್ದಮ್ಮನೂ ಹಬ್ಬದ ದಿನ ಉಣ್ಣುತ್ತಿರಲಿಲ್ಲ. ಬುದ್ಧಿ ಬಂದಂದಿನಿಂದ ಒಂದೇ ಮಾತು: "ಅಪ್ಪ ಉಂಡ ಮೇಲೆ ನನಗೆ ಬಡಿಸಿ."

ಅವಳಿಗೆ ಎಂಬತ್ತಾಯಿತು. ಉಸಿರಾಡಿದರೆ ಎದೆಯಲ್ಲಿ ಸಿಳ್ಳೆ ಕೇಳತೊಡಗಿತು. ಹಾಗಿರುವಾಗ ಒಂದು ದಿನ ಇಡ್ಲಿ ಪೇಪರಿನಲ್ಲಿ ಓದಿದಳು: ಲೋಕದಲ್ಲಿ ನಡೆದ ಯುದ್ಧಗಳ ದಾಖಲೆಗಳನ್ನು, ಸತ್ತವರ ಹೆಸರುಗಳನ್ನು ಈಗ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಪಂಚಾಯಿತಿ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇತ್ತು. ಅದನ್ನು ನೋಡಿಕೊಳ್ಳುವ ಸುಕನ್ಯ ಒಳ್ಳೆಯ ಹುಡುಗಿ. ಆದರೆ ಮರಿಸಿದ್ದಮ್ಮ ಅವಳನ್ನು ಕೇಳಲಿಲ್ಲ. ನಮ್ಮಪ್ಪನ ವಿಷಯಕ್ಕೆ ಊರು ನಕ್ಕಿದ್ದು ಸಾಕು, ನಮ್ಮವನೇ ಹುಡುಕಲಿ ಎಂಬುದು ಅವಳ ಹಟ.

"ಲೋ ಬೆಟ್ಟ, ಗ್ರಂಥಾಲಯಕ್ಕೆ ಹೋಗು. ಲೋಕದ ಚರಿತ್ರೆಯೆಲ್ಲ ಅದರಲ್ಲಿ ಐತಂತೆ. ನಿಮ್ಮ ತಾತ ಎಲ್ಲವ್ರೆ ಅಂತ ನೋಡು. ಮೊದಲಿಂದ ನೋಡು, ನಡುವೆ ಏನೂ ಬಿಡಬ್ಯಾಡ."

ಹೋದ. ಸುಕನ್ಯ ಇಂಗ್ಲಿಷಿನ ಪುಟವನ್ನು ಕನ್ನಡಕ್ಕೆ ತಿರುಗಿಸುವುದನ್ನು, ಹೆಸರು ಹೊಡೆಯುವುದನ್ನು ಕಲಿಸಿಕೊಟ್ಟಳು. ದಿನವೂ ಹೋದ, ದಿನವೂ ನೋಡಿದ. ಒಂದು ತಿಂಗಳಾಯಿತು.

"ಸಿಕ್ಕಿದ್ರೇನೋ?" ಎಂದಳು ಅವ್ವ.

"ಇಲ್ಲ ಕಣವ್ವ. ತಾತ ಇನ್ನೂ ಹುಟ್ಟಿಲ್ಲ."

"ಹುಟ್ಟಿಲ್ಲವಾ?"

"ಮೊದಲಿಂದ ನೋಡ್ತಿವ್ನಿ. ಮೊದಲು ನೀರಿತ್ತು. ಆಮೇಲೆ ಕೋತಿ. ಆಮೇಲೆ ಜನ ಕಲ್ಲು ಉಜ್ಜಿ ಬೆಂಕಿ ಮಾಡಿದ್ರು. ಇವತ್ತು ಈಜಿಪ್ಟಿಗೆ ಬಂದಿವ್ನಿ. ಅಲ್ಲೊಬ್ಬ ರಾಜ ಮೈಗೆಲ್ಲ ಬಟ್ಟೆ ಸುತ್ತಿಕೊಂಡು ಮಲಗವ್ನೆ. ಅವನಿಗೆ ಎಷ್ಟು ಎಡೆ ಇಟ್ಟವ್ರೆ ಗೊತ್ತಾ? ರೊಟ್ಟಿ, ಜೇನುತುಪ್ಪ, ಬಾತುಕೋಳಿ, ಜೊತೆಗೆ ಒಂದು ದೋಣಿ."

ಅವ್ವ ಲೆಕ್ಕ ಹಾಕಿದಳು. ಯಾವ ದೇಶದ ರಾಜನಿಗೋ ಇವತ್ತಿಗೂ ಎಡೆ ಉಂಟು, ತನ್ನಪ್ಪನಿಗೆ ಒಂದು ಎಲೆ ಇಲ್ಲ.

"ಅಯ್ಯೋ ಪೆದ್ದು ಮುಂಡೇದೆ, ಅಷ್ಟು ಹಿಂದಕ್ಕೆ ಯಾಕೋ ಹೋದೆ? ನಿಮ್ಮ ತಾತನ ಹೆಸರು ಹಾಕಬೇಕು. ಎಲ್ಲಿ ಹೆಸರು ಕೇಳುತ್ತೋ ಅಲ್ಲಿ ನಂಜೇದೇವಯ್ಯ ಅಂತ ಹಾಕು."

"ಹಾಕ್ತೀನಿ ಕಣವ್ವ."

ಮಾರನೇ ದಿನ ಹೋದ. ಯುದ್ಧದ ದಾಖಲೆಯ ಪುಟ ತೆರೆದ. ಒಳಗೆ ಬಿಡುವ ಮೊದಲು ಅದು ಕೇಳಿತು: ನಿಮ್ಮ ಹೆಸರು? ಹೆಸರು ಕೇಳಿದ ಕಡೆ ಏನು ಹಾಕಬೇಕೆಂದು ಅವ್ವ ಹೇಳಿದ್ದಳಲ್ಲ. ಹಾಕಿದ. ಪುಟ ಹೇಳಿತು: ನಂಜೇದೇವಯ್ಯನವರೇ, ಸ್ವಾಗತ. ನೀವು ಬಂದದ್ದು ನಮಗೆ ಸಂತೋಷ.

ಬೆಟ್ಟಯ್ಯ ಚಪ್ಪಲಿ ಬಿಟ್ಟು ಓಡಿದ. ಬೀದಿಯ ತುದಿಯಿಂದಲೇ ಕೂಗಿದ: "ಅವ್ವಾ, ತಾತ ಬಂದವ್ರಂತೆ!"

ಮರಿಸಿದ್ದಮ್ಮ ಒಲೆಯ ಮುಂದಿಂದ ಎದ್ದಳು. ಕೈ ಒರೆಸಿಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಿಗೆ ಬಂದು ನಿಂತಳು. ಬಂದರೆ ನೂರು ದಾಟಿದ ಮುದುಕ ಬರಬೇಕು. ಅದು ಅವಳಿಗೂ ಗೊತ್ತು. ಆದರೂ ನಿಂತಳು.

ಮಗನೊಬ್ಬನೇ ಬಂದ. ಏನಾಯಿತೆಂದು ಹೇಳಿದ. ಅವಳು ತಂಬಿಗೆಯ ನೀರನ್ನು ತುಳಸಿ ಬುಡಕ್ಕೆ ಸುರಿದಳು.

"ನೀನು ನನ್ನ ಸಾಯಿಸ್ತೀಯ ಕಣೋ. ಸತ್ತವರ ಹೆಸರು ಹಾಕಿ ಒಳಗೆ ಹೋಗ್ತಾರಾ? ಬದುಕಿರೋರ ಹೆಸರು ಹಾಕಬೇಕು."

"ಹಂಗೇ ಮಾಡ್ತೀನಿ ಕಣವ್ವ."

ಹಾಗೇ ಮಾಡಿದ. ತನ್ನ ಹೆಸರು ಹಾಕಿ ಒಳಗೆ ಹೋದ. ಒಳಗೆ ಹೆಸರು ತುಂಬುವ ಇನ್ನೊಂದು ಚೌಕ: ಯಾರನ್ನು ಹುಡುಕುತ್ತಿದ್ದೀರಿ? ಬದುಕಿರೋರ ಹೆಸರು ಎಂದಿದ್ದಾಳೆ ಅವ್ವ. ಎದುರು ಮನೆಯ ಸಾಕಯ್ಯ ಬದುಕಿದ್ದಾನೆ, ಬೆಳಿಗ್ಗೆ ತಾನೇ ಇಡ್ಲಿ ತಿಂದಿದ್ದಾನೆ. ಹಾಕಿದ. ಪುಟ ಹೇಳಿತು: ಸಾಕಯ್ಯ, ಸಿಪಾಯಿ, ಮೊದಲನೇ ಮಹಾಯುದ್ಧ, ಬಾಗ್ದಾದಿನ ಹತ್ತಿರ ಮರಣ.

ಬೆಟ್ಟಯ್ಯ ಅಳುತ್ತ ಬಂದ. ಸಾಕಯ್ಯನ ಜಗುಲಿಯ ಮುಂದೆ ಕೂತು ಎದೆ ಬಡಿದುಕೊಂಡ. ಸಾಕಯ್ಯ ಅಲ್ಲೇ ಎಲೆಯಡಿಕೆ ಹಾಕುತ್ತ ಕೂತಿದ್ದ.

"ಯಾಕೋ ಬೆಟ್ಟ, ಯಾರು ಸತ್ತದ್ದು?"

"ನೀವೇ ಕಣಣ್ಣ."

"ನಾನಾ? ಯಾವಾಗ?"

"ನೂರು ವರ್ಷದ ಮೇಲಾಯ್ತಂತೆ. ಬಾಗ್ದಾದಿನಲ್ಲಿ."

"ನನಗೊಂದು ಮಾತು ಹೇಳಬಾರದಾಗಿತ್ತೇನೋ? ಇಷ್ಟು ದಿನ ಸುಮ್ಮನೆ ಕಂದಾಯ ಕಟ್ಟಿದೆನಲ್ಲ."

ಸಾಕಯ್ಯ ನಕ್ಕ. ಅವನ ಹೆಂಡತಿ ನಗಲಿಲ್ಲ. ಗಂಡನಿಗೆ ಆಪರೇಷನ್ ಆಗಿ ತಿಂಗಳಾಗಿರಲಿಲ್ಲ. ಮನೆಯ ಮುಂದೆ ಶೋಕ ಮಾಡಿದನಲ್ಲ ಅನಿಷ್ಟ ಎಂದು ಬೀದಿಗೆ ಬಂದು ಬೈದಳು. "ಸತ್ತವನನ್ನು ಹುಡುಕೋಕೆ ಪೆದ್ದನ್ನ ಬಿಟ್ಟವ್ಳೆ. ಆ ತಾತ ಓಡಿಹೋಗಿ ಯಾವಳ ಜೊತೆ ಅವ್ನೋ" ಎಂದಳು.

ಯಾರ ಬಾಗಿಲಿಗೂ ಹೋಗದ ಮರಿಸಿದ್ದಮ್ಮ ಅಂದು ಆ ಬಾಗಿಲಿಗೆ ಹೋದಳು. ಕೈಮುಗಿದು, "ತಪ್ಪಾಯ್ತು ಕಣವ್ವ" ಎಂದಳು. ತಿರುಗಿ ಬಂದು ಗೋಡೆಗೊರಗಿ ಕೂತಳು. ಎದೆಯ ಸಿಳ್ಳೆ ಬೀದಿಗೆ ಕೇಳುತ್ತಿತ್ತು.

"ಬೆಟ್ಟ, ಬಾ ಇಲ್ಲಿ. ಇನ್ನು ಮೇಲೆ ತಾತನ ಹೆಸರು ಒಂದನ್ನೇ ಹುಡುಕು. ಯಾರು ಸತ್ತರು ಅಂತ ಕಂಡ್ರೂ ಬಾಯಿ ಬಿಡಬ್ಯಾಡ. ನನಗೂ ಹೇಳಬ್ಯಾಡ. ಎಡೆ ಹಬ್ಬದ ದಿನ ಹೇಳು, ಸಾಕು. ನನ್ನ ಮೇಲೆ ಆಣೆ ಇಡು."

ಬೆಟ್ಟಯ್ಯ ಅವಳ ತಲೆ ಮುಟ್ಟಿ ಆಣೆ ಇಟ್ಟ.

ಆಮೇಲೆ ಅವನು ತಪ್ಪೇ ಮಾಡಲಿಲ್ಲ. ತನ್ನ ಹೆಸರು ಹಾಕಿ ಒಳಗೆ ಹೋದ, ತಾತನ ಹೆಸರು ಹಾಕಿ ಹುಡುಕಿದ. ಆ ಹೆಸರಿನವರು ಎಷ್ಟೋ ಜನ. ಒಬ್ಬೊಬ್ಬರನ್ನೇ ನೋಡುತ್ತ ಹೋದ. ಶ್ರಾವಣ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಪುಟ ಹೇಳಿತು: ನಂಜೇದೇವಯ್ಯ, ಹೇಸರಗತ್ತೆ ದಳ. ಬರ್ಮಾದ ಗಡಿಯ ಗುಡ್ಡದಲ್ಲಿ ಮರಣ. ಹೆಂಡತಿ ಪುಟ್ಟತಾಯಮ್ಮ. ಕೆಳಗೆ ಇದೇ ಊರಿನ ಹೆಸರು.

ಸುಕನ್ಯ ಎದ್ದು ಬಂದು ನೋಡಿದಳು. "ಬೆಟ್ಟಣ್ಣ, ಸಿಕ್ಕಿದರಲ್ಲ! ಹೋಗಿ ಅಮ್ಮನಿಗೆ ಹೇಳಿ, ಹೋಗಿ."

ಬೆಟ್ಟಯ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮನೆಗೆ ಹೋದ.

ಅವ್ವ ಹಾಸಿಗೆ ಹಿಡಿದಿದ್ದಳು. "ಇವತ್ತೂ ಇಲ್ಲವೇನೋ?" ಎಂದಳು. ಅವನು ಬಾಯಿ ಮುಚ್ಚಿಕೊಂಡ. ಮಾರನೇ ದಿನವೂ ಕೇಳಿದಳು. ಬಾಯಿ ಮುಚ್ಚಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಇಟ್ಟ ಆಣೆ ಅವಳಿಗೆ ಮರೆತುಹೋಗಿತ್ತು. ಅವನಿಗೆ ನೆನಪಿತ್ತು.

"ಹೋಗ್ಲಿ ಬಿಡು ಮಗ. ಊರು ಅಂದದ್ದೇ ನಿಜವೇನೋ" ಎಂದಳು. ಅಷ್ಟು ಸೋತ ಮಾತು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಗೌರಿ ಹಬ್ಬ ಕಳೆದು, ಎಡೆ ಹಬ್ಬ ಇನ್ನೂ ಬರಬೇಕಾದಾಗ ಸತ್ತಳು.

ಮಣ್ಣಿಗೆ ಬಂದ ಸುಕನ್ಯ ಅವನ ಭುಜ ಮುಟ್ಟಿ ಹೇಳಿದಳು: "ಅಳಬೇಡಿ ಬೆಟ್ಟಣ್ಣ. ಅಪ್ಪನ ಸುದ್ದಿ ತಿಳಿದುಕೊಂಡೇ ಹೋದರಲ್ಲ, ಪುಣ್ಯವಂತೆ."

ಬೆಟ್ಟಯ್ಯ ಬಾಯಿ ಬಿಡಲಿಲ್ಲ. ಹಬ್ಬ ಇನ್ನೂ ಬಂದಿರಲಿಲ್ಲ.

ಹಬ್ಬ ಬಂತು. ಬೆಟ್ಟಯ್ಯ ಮುದ್ದೆ ಮಾಡಿದ, ಸಾರು ಮಾಡಿದ, ಕಜ್ಜಾಯ ಮಾಡಿದ. ನೆಲ ಸಾರಿಸಿ ಎರಡು ಎಲೆ ಹಾಕಿದ. ಒಂದಕ್ಕೆ ತಾತನಿಗೂ ಅಜ್ಜಿಗೂ ಸೇರಿಸಿ ತುಂಬ ಬಡಿಸಿದ. ಇನ್ನೊಂದನ್ನು ಬರಿದೇ ಬಿಟ್ಟ. ಬೀದಿಯವರು ಬಂದು ನಿಂತಿದ್ದರು, ಸುಕನ್ಯಳೂ ಬಂದಿದ್ದಳು. ಅವನು ಬರಿದಾದ ಎಲೆಯ ಮುಂದೆ ಕೂತು ಬಾಯಿ ಬಿಟ್ಟ.

"ಅವ್ವ, ತಾತ ಸಿಕ್ಕಿದ್ರು. ಬರ್ಮಾದ ಗುಡ್ಡದಲ್ಲಿ ತೀರ್ಕೊಂಡವ್ರೆ. ಯಾರನ್ನೂ ಕಟ್ಟಿಕೊಂಡಿಲ್ಲ ಕಣವ್ವ. ಅಜ್ಜಿ ಹೆಸರೇ ಬರೆಸವ್ರೆ. ನಮ್ಮೂರ ಹೆಸರೇ ಬರೆಸವ್ರೆ."

"ಅಮ್ಮನಿಗೆ ಹೇಳಿರಲೇ ಇಲ್ಲವಾ ಬೆಟ್ಟಣ್ಣ?" ಎಂದಳು ಸುಕನ್ಯ. ಸಾಕಯ್ಯನ ಹೆಂಡತಿ ತಲೆ ತಗ್ಗಿಸಿದಳು.

ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತರು. ಸ್ವಲ್ಪ ಹೊತ್ತಿಗೆ ಬೆಟ್ಟಯ್ಯ ಬಾಗಿಲು ತಟ್ಟಿ ತೆರೆದ. ಮುದ್ದೆ ಇದ್ದ ಹಾಗೇ ಇತ್ತು. ಮತ್ತೆ ಮುಚ್ಚಿದ. ಮತ್ತೆ ತೆರೆದ. ಇದ್ದ ಹಾಗೇ ಇತ್ತು.

"ಲೋ, ಸಾಕು. ಅವ್ವನಿಗೂ ಬಡಿಸಿ ಕೈ ಮುಗಿ" ಎಂದರು ಜನ.

"ಅದು ಹೆಂಗಾಯ್ತದೆ? ಅಪ್ಪ ಉಂಡ ಮೇಲೆ ನನಗೆ ಬಡಿಸಿ ಅಂದವ್ಳೆ. ತಾತ ಇನ್ನೂ ಉಂಡಿಲ್ಲ."

"ಸತ್ತವರು ಉಂಡರೆ ಎಲೆ ಬರಿದಾಗುತ್ತೇನೋ?"

"ಉಂಡ ಮೇಲೆ ಅಂದವ್ಳೆ."

ಹೊತ್ತು ಇಳಿಯಿತು. ಜನ ಒಬ್ಬೊಬ್ಬರೇ ಎದ್ದು ಹೋದರು. ಸಾರು ಆರಿತು. ಅವ್ವನ ಎಲೆ ಬಾಡತೊಡಗಿತು. ಬೆಟ್ಟಯ್ಯ ಬಾಗಿಲು ಮುಚ್ಚುತ್ತ ತೆರೆಯುತ್ತ ಇದ್ದ.

ಸಾಕಯ್ಯ ಜಗುಲಿಯಿಂದ ಎದ್ದ. ಒಳಗೆ ಬಂದು ತುಂಬಿದ ಎಲೆಯ ಮುಂದೆ ಕೂರಲು ಹೋದ.

"ಸಾಕಣ್ಣ, ಅದು ಸತ್ತವರ ಎಲೆ."

"ನಾನು ಸತ್ತು ನೂರು ವರ್ಷ ಆಯ್ತು ಅಂತ ಅತ್ತವನು ನೀನೇ ಅಲ್ಲವಾ? ಆ ಕಡೆ ಜರುಗು."

ಬೆಟ್ಟಯ್ಯ ಯೋಚಿಸಿದ. ಅದು ನಿಜವೇ. ಜರುಗಿದ. ಸಾಕಯ್ಯ ತಣ್ಣಗಾದ ಮುದ್ದೆಯನ್ನು ಮುರಿದು ಮುರಿದು ಉಂಡ, ಸಾರು ಬಳಿದು ಉಂಡ, ಕಜ್ಜಾಯವನ್ನೂ ಬಿಡದೆ ಉಂಡ. ಎಲೆ ಮಡಿಸಿದ.

"ನಿಮ್ಮ ತಾತನದು ಆಯ್ತಪ್ಪ. ಈಗ ನಿಮ್ಮವ್ವನಿಗೆ ಬಡಿಸು."

ಬೆಟ್ಟಯ್ಯ ಬಾಡಿದ ಎಲೆ ತೆಗೆದು ಹೊಸ ಎಲೆ ಹಾಕಿ ಬಡಿಸಿದ. ಏನೂ ಮರೆಯಲಿಲ್ಲ. ಉಪ್ಪೂ ಇಟ್ಟ.

"ಸರಿ, ಇನ್ನು ನೀನೂ ಉಣ್ಣೋ. ಬೆಳಿಗ್ಗೆಯಿಂದ ಹಸಿದಿದ್ದೀಯ."

"ದೊಡ್ಡವರು ಎಲೆ ಬಿಟ್ಟು ಏಳದೆ ನೀನು ಕೂರಬ್ಯಾಡ ಅಂತ ಅವ್ವ ಹೇಳವ್ಳೆ. ಅವಳು ಉಂಡು ಏಳಲಿ."

ಸಾಕಯ್ಯನ ಹೊಟ್ಟೆಯಲ್ಲಿ ಇನ್ನೊಂದು ಎಲೆಗೆ ಜಾಗವಿರಲಿಲ್ಲ. ಅವನು ಎದ್ದು ಹೋದ.

ಬೆಟ್ಟಯ್ಯ ಎಲೆಯ ಪಕ್ಕದಲ್ಲಿ ಕಾಲು ಮಡಿಸಿ ಕೂತು ನೊಣ ಓಡಿಸತೊಡಗಿದ.

"ನಿಧಾನಕ್ಕೆ ಉಣ್ಣವ್ವ" ಎಂದ. "ಹಬ್ಬದ ಊಟ ನಿನಗೆ ರೂಢಿ ಇಲ್ಲ."