ಕರಟದಲ್ಲಿ ಕೂತ ಕಲ್ಲು ಏಕೆ ಮುಳುಗಲಿಲ್ಲ

ಲೋಕ ಇನ್ನೂ ಹೊಸದಾಗಿದ್ದಾಗ, ಯಾವುದನ್ನು ಮುಳುಗಿಸಬೇಕು, ಯಾವುದನ್ನು ತೇಲಿಸಬೇಕು ಎಂಬುದು ಹೊಳೆಗೆ ಗೊತ್ತಿರಲಿಲ್ಲ. ಮನಸ್ಸು ಬಂದರೆ ತೇಲಿಸುತ್ತಿತ್ತು, ಬೇಸರವಾದರೆ ಮುಳುಗಿಸುತ್ತಿತ್ತು.

ಇದಕ್ಕೊಂದು ಕಟ್ಟಳೆ ಬೇಕೆಂದು ಎಲ್ಲರೂ ಸೇರಿದರು. ಆ ಕಾಲದಲ್ಲಿ ಒಂದು ಪದ್ಧತಿಯಿತ್ತು. ನೀರಿನ ವಿಷಯ ತೀರ್ಮಾನಿಸುವವರು ಒದ್ದೆಯಾಗಿರಬಾರದು; ಒದ್ದೆಯಾದವರು ನೀರಿನ ಪಕ್ಷ ವಹಿಸುತ್ತಾರೆ. ಹಾಗಾಗಿ ಮೀನನ್ನು ಕೇಳಲಿಲ್ಲ, ಕಪ್ಪೆಯನ್ನು ಕೇಳಲಿಲ್ಲ. ಬೆಕ್ಕನ್ನು ಕೇಳಿದರು.

ಬೆಕ್ಕು ದಂಡೆಯಿಂದ ದೂರ, ಒಣ ಬಂಡೆಯ ಮೇಲೆ ಕೂತು ಯೋಚಿಸಿತು. "ಭಾರವಾದದ್ದು ಮುಳುಗಲಿ, ಹಗುರವಾದದ್ದು ತೇಲಲಿ" ಎಂದು ಹೇಳಿ ಮಲಗಿತು. ಎಲ್ಲರಿಗೂ ಸಮಾಧಾನವಾಯಿತು. ಹೊಳೆಯೋ, ಹೇಳಿದ ಮಾತು ಕೇಳುವಂಥದ್ದು. ಅಂದಿನಿಂದ ಹಾಗೇ ನಡೆದುಕೊಂಡಿತು.

ಸಮಾಧಾನವಾಗದವಳು ತಿಪ್ಪಿ ಎಂಬ ಪುಟ್ಟ ಹುಡುಗಿ ಒಬ್ಬಳೇ. ಕಟ್ಟಳೆ ಬರುವ ಮೊದಲೇ ಅವಳ ಅವ್ವ ಹರಿಗೋಲು ಹತ್ತಿ ಆಚೆ ದಂಡೆಯ ತವರಿಗೆ ಹೆರಿಗೆಗೆ ಹೋಗಿದ್ದಳು. ಈಗ ಕೂಸನ್ನೆತ್ತಿಕೊಂಡು ಹಿಂದಿರುಗಲು ಆ ದುಂಡನೆಯ ಬಿದಿರು ದೋಣಿಯೊಳಗೆ ಕಾಲಿಟ್ಟರೆ, ಭಾರವಾಯಿತೆಂದು ಅದು ದಂಡೆಯಲ್ಲೇ ಮುಳುಗುತ್ತಿತ್ತು.

ಅವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗಿದಳು. "ತಿಪ್ಪೀ, ನಿನ್ನ ತಮ್ಮನ ಮೂಗು ಥೇಟ್ ನಿಂದೇ ನೋಡು."

"ಇಲ್ಲಿಂದ ಕಾಣಲ್ಲವ್ವಾ."

"ಹಂಗಾದ್ರೆ ನಂಬು."

ತಿಪ್ಪಿಗೆ ನಂಬುವುದಕ್ಕಿಂತ ನೋಡುವುದು ಇಷ್ಟ. ತಮ್ಮನನ್ನು ನೋಡಲೇಬೇಕಿತ್ತು. ದಂಡೆಯಲ್ಲಿ ಕೂತು ನೀರಾಡತೊಡಗಿದಳು. ಒಂದು ಬೆಣಚುಕಲ್ಲು ಹಾಕಿದಳು. ಬುಳುಕ್, ಮುಳುಗಿತು. ತೆಂಗಿನ ಕರಟ ಹಾಕಿದಳು. ತೇಲಿತು. ಆಮೇಲೆ ಕಲ್ಲನ್ನು ಹೆಕ್ಕಿ ಕರಟದೊಳಗೆ ಕೂರಿಸಿ ನೀರಿಗೆ ಬಿಟ್ಟಳು.

ಹೊಳೆಗೆ ಗಾಬರಿಯಾಯಿತು. "ಏನು ಮಾಡ್ತಿದ್ದೀಯೇ ಹುಡುಗಿ? ಕಲ್ಲನ್ನ ಮುಳುಗಿಸಬೇಕು, ಕರಟ ತೇಲಿಸಬೇಕು. ಎರಡೂ ಒಟ್ಟಿಗೇ ಬಂದ್ರೆ ನಾನೇನು ಮಾಡ್ಲಿ?"

ತಿಪ್ಪಿ ಓಡಿ ಹೋಗಿ ಬೆಕ್ಕನ್ನು ಕೇಳಿದಳು. ಬೆಕ್ಕು ಕಣ್ಣು ತೆರೆಯದೆ, "ಒಣಗಿದ ಮೇಲೆ ಬಾ" ಎಂದಿತು.

ತಿಪ್ಪಿ ಒಣಗಲಿಲ್ಲ. ನೀರಿಗೇ ಹಿಂದಿರುಗಿ, ಕಲ್ಲು ತೆಗೆದು, ಖಾಲಿ ಕರಟವನ್ನು ಅಂಗೈಯಿಂದ ಮೆಲ್ಲಗೆ ಕೆಳಗೊತ್ತಿದಳು. ನೀರು ಸುತ್ತಲೂ ಸರಿದು ಅವಳ ಮಣಿಕಟ್ಟಿನತ್ತ ಏರಿತು.

"ಹೊಳೆಯವ್ವಾ, ಕರಟ ಒತ್ತಿದ್ರೆ ಇಲ್ಲಿದ್ದ ನೀರು ಎಲ್ಲಿಗೆ ಹೋಗ್ತದೆ?"

"ಪಕ್ಕಕ್ಕೆ ಸರಿದು ಜಾಗ ಬಿಡ್ತದೆ."

"ಜಾಗ ಹೋದ್ರೆ ಸಿಟ್ಟು ಬರಲ್ವಾ?"

ಹೊಳೆಯನ್ನು ಅಲ್ಲಿಯವರೆಗೆ ಯಾರೂ ಹೀಗೆ ಕೇಳಿರಲಿಲ್ಲ. "ಬರ್ತದೆ. ಕೆಳಗಿಂದ ತಳ್ಳಬೇಕು ಅನ್ನಿಸ್ತದೆ. ಕಟ್ಟಳೆ ಅಂತ ಸುಮ್ಮನಿದ್ದೀನಿ."

"ತಳ್ಳು ಮತ್ತೆ. ಸರಿದ ನೀರು ಎಷ್ಟು ಭಾರವೋ ಅಷ್ಟೇ ತಳ್ಳು. ಹೆಚ್ಚು ಬೇಡ, ಕಡಿಮೆನೂ ಬೇಡ."

ತಿಪ್ಪಿ ಕಲ್ಲನ್ನು ಮತ್ತೆ ನೀರಿಗೆ ಹಾಕಿದಳು, ಹೊಳೆ ತಳ್ಳಿ ನೋಡಿತು. ಒಂಟಿ ಕಲ್ಲು ಸರಿಸಿದ್ದು ಅಂಗೈಯಷ್ಟು ನೀರು. ಅಷ್ಟೇ ತಳ್ಳಿದ್ದಕ್ಕೆ ಕಲ್ಲು ಏಳಲಿಲ್ಲ, ಮುಳುಗಿತು. ಅವಳು ಹೆಕ್ಕಿ ಕರಟದೊಳಗೆ ಕೂರಿಸಿದಾಗ ಅದೇ ಕಲ್ಲು ಕರಟದ ಅಗಲಕ್ಕೂ ನೀರು ಸರಿಸಿತು. ಅಷ್ಟೂ ನೀರು ಸೇರಿ ತಳ್ಳಿದ್ದೇ, ಕಲ್ಲು ರಾಜನ ಹಾಗೆ ಕೂತು ತೇಲಿತು.

"ಅವ್ವಾ, ಹತ್ತು" ಎಂದು ತಿಪ್ಪಿ ಕೂಗಿದಳು.

ಅವ್ವ ಕೂಸಿನೊಡನೆ ಹರಿಗೋಲು ಹತ್ತಿದಳು. ಅಗಲವಾದ ಹರಿಗೋಲು ಅಗಲಕ್ಕೂ ನೀರನ್ನು ಸರಿಸಿತು. ಸರಿದ ನೀರೆಲ್ಲ ಸೇರಿ ಅದನ್ನು ಮೇಲೆತ್ತಿ ಹಿಡಿಯಿತು. ಹರಿಗೋಲು ಗಿರ್ರನೆ ತಿರುಗುತ್ತಾ ಈ ದಂಡೆಗೆ ಬಂತು. ಕೂಸು ತಿಪ್ಪಿಯ ಒದ್ದೆ ಬೆರಳು ಹಿಡಿದು ಬಾಯಿಗಿಟ್ಟುಕೊಂಡಿತು.

ಸುದ್ದಿ ತಿಳಿದ ಬೆಕ್ಕು, "ನಾನು ಹೇಳಿದ್ದೂ ಅದನ್ನೇ" ಎಂದು ಮಗ್ಗುಲು ಬದಲಿಸಿತು.

ಅದಕ್ಕೇ ಇವತ್ತಿಗೂ, ಬಚ್ಚಲಲ್ಲಿ ಮಗುವೊಂದು ಖಾಲಿ ಚೊಂಬನ್ನು ಬಕೆಟ್ಟಿನ ನೀರಿಗೆ ಒತ್ತಿ ಹಿಡಿದರೆ, ಸರಿದ ನೀರು ತನ್ನ ಜಾಗ ಕೇಳುತ್ತಾ ಆ ಪುಟ್ಟ ಕೈಯನ್ನು ಮೇಲಕ್ಕೆ ತಳ್ಳುತ್ತದೆ.